ಮೊದಲು ಸಿಳ್ಳೆ

ಬೆಳಿಗ್ಗೆ ಏಳು ಗಂಟೆ. ಕಾರು ಸ್ಟಾರ್ಟ್ ಆದೊಡನೆ ಮೊದಲು ಬಾನೆಟ್ಟಿನೊಳಗಿಂದ ಸಣ್ಣ ಸಿಳ್ಳೆ. ಅದರ ಹಿಂದೆಯೇ ಹೆಡ್‌ಲೈಟು ಮಂಕಾಗುವುದು. ಕೊನೆಗೆ ವೈಪರು ಅರ್ಧ ಗಾಜಿನವರೆಗೆ ಬಂದು ದಣಿದು ನಿಲ್ಲುವುದು. ಎಂಜಿನ್ ಬಿಸಿಯಾಗುತ್ತಿದ್ದಂತೆ ಮೂರೂ ಮಾಯ. ಈ ಅನುಕ್ರಮ ಒಂದು ದಿನವೂ ತಪ್ಪಿಲ್ಲ ಎಂಬುದು ಅಮ್ಮನ ವಾದ. ಇದರಲ್ಲಿ ಮೊದಲನೆಯದು ನಡೆದೇ ಇಲ್ಲ ಎಂಬುದು ಮಗನ ವಾದ.

"ಈಗ ಕೇಳಿಸ್ತಾ?" ಸ್ಟೀರಿಂಗ್ ಹಿಡಿದು ಕುಳಿತಲ್ಲಿಂದಲೇ ಅಮ್ಮ ಕೂಗಿದರು.

ಮಗ ತೆರೆದ ಬಾನೆಟ್ಟಿನ ಮೇಲೆ ಬಾಗಿದ್ದ. "ಎಂಜಿನ್ ಗುಡುಗುಡು ಬಿಟ್ರೆ ಇನ್ನೇನೂ ಇಲ್ಲ."

"ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೂಗ್ತಿದೆಯಲ್ಲೋ!"

"ಅದು ಕಾರಲ್ಲಿ ಕೂಗ್ತಿಲ್ಲಮ್ಮ, ನಿನ್ನ ಕಿವೀಲಿ ಕೂಗ್ತಿದೆ. ವಯಸ್ಸಾದ್ಮೇಲೆ ಹಾಗೇನೇ."

ಮಗ ಮರ ಕೊಯ್ಯುವ ಕಾರ್ಖಾನೆಯ ಮೇಲ್ವಿಚಾರಕ. ದಿನವಿಡೀ ಗರಗಸಗಳ ನಡುವೆ ಓಡಾಡುವವನು. ಯಂತ್ರಗಳ ವಿಷಯದಲ್ಲಿ ಮನೆಯಲ್ಲಿ ಅವನದೇ ಕೊನೆಯ ಮಾತು, ಅದೂ ಬೀದಿಗೆಲ್ಲ ಕೇಳುವಂಥ ಗಂಟಲಿನಲ್ಲಿ. ಅವನಿಗೆ ಇದ್ದ ಒಂದೇ ದೌರ್ಬಲ್ಯವೆಂದರೆ ನಿದ್ದೆ. ದಿಂಬಿನ ಪಕ್ಕದ ಅಲಾರಂ ಚೀರಿ ಚೀರಿ ಸುಸ್ತಾದ ಮೇಲೆ ಅಮ್ಮನೇ ಬಂದು ಭುಜ ಅಲುಗಾಡಿಸಬೇಕು. "ಕುಂಭಕರ್ಣನನ್ನ ಹೆತ್ತವಳೂ ಇಷ್ಟು ಕಷ್ಟಪಟ್ಟಿರಲಿಕ್ಕಿಲ್ಲ" ಎಂದು ಅವರು ಗೊಣಗುತ್ತಿದ್ದರು.

ಕಾರು ಹಳೆಯದು. ನಡೆಯಲಾಗದ ತಮ್ಮ ಅಕ್ಕನನ್ನು ಅಮ್ಮ ಆಸ್ಪತ್ರೆಗೆ ಕರೆದೊಯ್ಯುವುದು ಇದರಲ್ಲೇ. ಹಿಂದಿನ ಕಿಟಕಿ ಇಳಿದರೆ ಏರದು. ಹಾರ್ನು ತನಗೆ ಮನಸ್ಸು ಬಂದಾಗ ಮಾತ್ರ ಮಾತಾಡುತ್ತದೆ. ಇವುಗಳೊಂದಿಗೆ ಹೊಂದಿಕೊಂಡು ಬಾಳಬಹುದಿತ್ತು. ಆದರೆ ಬ್ಯಾಟರಿ ಪದೇ ಪದೇ ಸಾಯುತ್ತಿತ್ತು. ಹೊಸದು ಹಾಕಿಸಿದರು, ಅದೂ ಸತ್ತಿತು.

ಗ್ಯಾರೇಜಿಗೆ ಬಂದ ಬಿಸಿ ಎಂಜಿನ್ನಿಗೆ ಮೆಕ್ಯಾನಿಕ್ ಮೀಟರು ಹಚ್ಚಿ ನೋಡಿದ. "ಚಾರ್ಜಿಂಗ್ ಸರಿಯಾಗೇ ಇದೆ. ಲೈಟ್ ಆಫ್ ಮಾಡೋಕೆ ಮರೀತಿದ್ದೀರೇನೋ ಅಮ್ಮಾ."

"ಲೈಟೂ ಮರೆತಿಲ್ಲ, ಹೋದ ಸಲ ನನ್ನ ಜಾಕು ನೀನು ಇಟ್ಕೊಂಡಿದ್ದೂ ಮರೆತಿಲ್ಲ."

ಮೆಕ್ಯಾನಿಕ್ ಜಾಕು ತಂದುಕೊಟ್ಟ. ಅಭಿಪ್ರಾಯ ಬದಲಿಸಲಿಲ್ಲ.

"ಎಂಜಿನ್ ಬೆಲ್ಟ್ ಜಾರ್ತಿದೆ ಕಣಪ್ಪಾ," ಅಮ್ಮ ಬಿಡಲಿಲ್ಲ. "ತಣ್ಣಗಿದ್ದಾಗ ಜಾರುತ್ತೆ, ಜಾರಿದ್ರೆ ಸಿಳ್ಳೆ. ಅಷ್ಟು ಹೊತ್ತು ಬ್ಯಾಟರಿಗೆ ಚಾರ್ಜಿಲ್ಲ."

"ಬೆಳಿಗ್ಗೆ ನಿಮ್ಮ ಮಗ ಪಕ್ಕದಲ್ಲೇ ನಿಂತಿರ್ತಾರಲ್ಲ. ಅವರಿಗೂ ಕೇಳಿಸಿತು ಅನ್ನಲಿ, ಆವತ್ತೇ ಬಿಚ್ಚಿ ಹೊಸದು ಹಾಕ್ತೀನಿ."

ಮಗ ಅನ್ನಲಿಲ್ಲ. ಬದಲಿಗೆ ಮುಂದಿನ ವಾರ ಬ್ಯಾಟರಿ ಮತ್ತೊಮ್ಮೆ ಕೈಕೊಟ್ಟ ದಿನ, ಕಾರಿನ ಕೀಯನ್ನು ಗೂಡಿನಿಂದ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

"ಶನಿವಾರ ಗುಜರಿಯವನು ಬರ್ತಾನೆ. ಮಾತಾಡಿಯಾಗಿದೆ."

"ಯಾರ ಕಾರಿಗೆ ಯಾರು ಮಾತಾಡಿದ್ದು?"

"ಇಲ್ಲದ ಸದ್ದು ಕೇಳಿಸ್ಕೊಂಡು, ಲೈಟ್ ಉರಿಯೋಕೆ ಬಿಟ್ಟು... ನಾಳೆ ಬ್ರೇಕು ಮರೆತ್ರೆ? ದೊಡ್ಡಮ್ಮನ್ನ ಆಸ್ಪತ್ರೆಗೆ ಟ್ಯಾಕ್ಸೀಲಿ ಕಳಿಸಿದ್ರಾಯ್ತು."

"ನಿನ್ನ ದೊಡ್ಡಮ್ಮನ ಕಾಲೆತ್ತಿ ಒಳಗಿಡೋದು ಟ್ಯಾಕ್ಸಿಯವನೇನೋ? ನಾನು ಹೋಗ್ದಿದ್ರೆ ಅವಳು ಹೊಸಿಲು ದಾಟಲ್ಲ." ಅಮ್ಮ ಬಲಗೈಯನ್ನು ಅವನ ಮೂಗಿನ ನೇರಕ್ಕೆ ಚಾಚಿದರು. ಅದು ನಡುಗಲಿಲ್ಲ. "ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ಆಯುಸ್ಸು ಕಿವಿಯಿಂದಲೇ ಅನ್ನ ತಿಂದವಳು ನಾನು. ಕೀ ಕೊಡು."

"ಆ ಕಿವಿ ಸವೆದಿದೆ ಅಂತಾನೇ ನಾನು ಹೇಳ್ತಿರೋದು."

"ಹಾಗಾದ್ರೆ ಅಳೆಸು! ಸವೆದಿದ್ರೆ ಕಾರನ್ನ ನಾನೇ ತಳ್ಳಿಕೊಂಡು ಹೋಗಿ ಗುಜರಿಗೆ ಹಾಕ್ತೀನಿ. ಇಲ್ಲಾಂದ್ರೆ ಕೀ ನನ್ನದು, ಆಮೇಲೆ ನೀನು ತುಟಿ ಬಿಚ್ಚಬಾರದು."

"ಆಗಲಿ."

ಶುಕ್ರವಾರ ಮಧ್ಯಾಹ್ನ ಇಬ್ಬರೂ ಕಿವಿ ಪರೀಕ್ಷೆಯ ಕೋಣೆಯಲ್ಲಿದ್ದರು. ಒಂದು ಮೇಜು, ಒಂದು ಯಂತ್ರ, ಗಾಜಿನ ಕಿಟಕಿಯುಳ್ಳ ಪುಟ್ಟ ಮರದ ಗೂಡು. ಗೂಡಿನೊಳಗೆ ಕುರ್ಚಿ. ಹೆಡ್‌ಫೋನಿನಲ್ಲಿ ಸ್ವರ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಒತ್ತಿದರೆ ಮೇಜಿನ ಮೇಲೆ ಹಸಿರು ದೀಪ ಹೊತ್ತಿಕೊಳ್ಳುತ್ತದೆ.

ಅಮ್ಮ ಸೆರಗು ಸರಿಪಡಿಸಿಕೊಂಡು ಎದ್ದರು. ಮಗ ತಡೆದ.

"ತಾಳಮ್ಮ, ಮೊದ್ಲು ನಾನು ಕೂತು ತೋರಿಸ್ತೀನಿ. ನೋಡ್ಕೊಂಡ್ರೆ ನಿನಗೆ ಗಾಬರಿ ಆಗಲ್ಲ."

"ಗಾಬರಿ ನನಗಾ?" ಎಂದರು ಅಮ್ಮ. ಆದರೂ ಕುಳಿತರು.

ಪರೀಕ್ಷಕಿ ಒಪ್ಪಿದರು. ಮೇಜಿನ ಮೇಲಿದ್ದ ಸಣ್ಣ ಸ್ಪೀಕರನ್ನು ಮೆಲ್ಲಗೆ ಹಾಕಿ, "ಅವರಿಗೆ ಒಳಗೆ ಹೋಗೋ ಸ್ವರವೇ ನಿಮಗಿಲ್ಲಿ ಕೇಳುತ್ತೆ. ಅಭ್ಯಾಸ ಆಗಲಿ," ಎಂದರು.

ಮೊದಲು ದಪ್ಪ ಸ್ವರಗಳು. ದೀಪ ತಕ್ಷಣ ಹೊತ್ತಿತು. ಮತ್ತೆ ಹೊತ್ತಿತು. ಮಗ ಗಾಜಿನೊಳಗಿಂದ ಅಮ್ಮನತ್ತ ನೋಡಿ, 'ಇಷ್ಟೇ' ಎನ್ನುವಂತೆ ಹುಬ್ಬು ಹಾರಿಸಿದ. ಸ್ವರ ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗುತ್ತ ಮೇಲೇರಿತು.

ಅಮ್ಮ ಕುರ್ಚಿಯ ತುದಿಗೆ ಬಂದರು. "ಇದೇ! ಇದೇ ಕಣಮ್ಮಾ, ನಮ್ಮ ಕಾರಿನ ಸಿಳ್ಳೆ!"

ಹಸಿರು ದೀಪ ಹೊತ್ತಲಿಲ್ಲ. ಪರೀಕ್ಷಕಿಯ ಕಣ್ಣು ಅದರ ಮೇಲಿತ್ತು. ಸದ್ದು ಏರಿಸುವ ತಿರುಗಣೆಯನ್ನು ಸ್ವಲ್ಪ ತಿರುಗಿಸಿದರು. ಕಾದರು. ಇನ್ನೂ ತಿರುಗಿಸಿದರು. ಇನ್ನೊಂದು ಕಿವಿಗೆ ಬದಲಿಸಿ ಮತ್ತೆ ಮೊದಲಿನಿಂದ ತಿರುಗಿಸುತ್ತ ಬಂದರು.

ಮಗ ಗಾಜನ್ನು ಬೆರಳಿನಿಂದ ತಟ್ಟಿದ. ಅವನ ಗಂಟಲು ಗೂಡನ್ನೂ ದಾಟಿ ಬಂತು: "ಏನ್ರೀ, ಯಂತ್ರ ಕೆಟ್ಟೋಯ್ತಾ? ಆಗ್ಲಿಂದ ಸದ್ದೇ ಇಲ್ವಲ್ಲ!"

ಯಂತ್ರ ಕೆಟ್ಟಿರಲಿಲ್ಲ, ಅಮ್ಮ ಗುರುತಿಸಿದ ಆ ಸ್ವರ ಈಗ ಮಗನ ಕಿವಿಯೊಳಗೆ ಪೂರ್ಣ ಶಕ್ತಿಯಿಂದ ಕೂಗುತ್ತಿತ್ತು.