ಬಂಡೆ ಇದೆ ಅಂತ ಯಾರಂದ್ರು?

ಎಂಜಿನಿಯರ್ ಕೂರಲಿಲ್ಲ. ಕಾಲೇಜಿನ ಲೈಬ್ರರಿಯ ಮೇಜಿನ ಮೇಲೆ ನಾಲ್ಕು ವರದಿಗಳನ್ನು ಧೊಪ್ಪೆಂದು ಹಾಕಿದ. ಭಾರಿ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ಆಗಲೇ ಹೊರಟಾಗಿತ್ತು. ಹಳೇ ಸೇತುವೆ ಆ ಭಾರ ತಾಳುತ್ತದೆ ಎಂದು ಅವನು ಸಹಿ ಹಾಕುವುದೊಂದೇ ಬಾಕಿ.

"ನಾಲ್ಕರಲ್ಲೂ ಒಂದೇ ಮಾತಿದೆ ಮೇಡಂ. ನಡುಗಂಬ ಬಂಡೆ ಮೇಲೆ ನಿಂತಿದೆ. ಸೇತುವೆ ಕಟ್ಟಿದಾಗಿನ ನಕ್ಷೆ ಇದ್ರೆ ಕೊಡಿ, ಲಗತ್ತಿಸಿ ಕೈ ತೊಳ್ಕೋತೀನಿ."

"ನಕ್ಷೆ ಇಲ್ಲ," ಎಂದರು ಗ್ರಂಥಪಾಲಕಿ. "ಬಂಡೆ ಇದೆ ಅಂತ ಯಾರಂದ್ರು?"

ಅವನಿಗೆ ರೇಗಿಹೋಯಿತು. ಅವನು ಇಲ್ಲಿ ಓದುವಾಗಲೂ ಇವರದು ಇದೇ ಕಾಟ. ಒಂದು ಮಾತು ಹೇಳಿದರೆ ಹತ್ತು ಸಲ 'ಯಾರಂದ್ರು?' ಎಂದು ಜೀವ ತಿನ್ನುತ್ತಿದ್ದರು. 'ಯಾರಂದ್ರಮ್ಮ' ಎಂದು ಅಡ್ಡಹೆಸರಿಟ್ಟವನೇ ಇವನು.

"ನಾಲ್ಕು ಜನ ಅಂದಿದ್ದಾರಲ್ಲ!"

"ನಾಲ್ಕು ಜನ ಅಂದ್ರೋ, ಒಬ್ಬ ಅಂದಿದ್ದನ್ನ ಮಿಕ್ಕೋರು ಅಂದ್ರೋ? ಕೂತ್ಕೊ. ಆಧಾರ ಏನು ಕೊಟ್ಟಿದ್ದಾರೆ, ನೋಡೋಣ."

ಹೊಸ ವರದಿ ಅದರ ಹಿಂದಿನದನ್ನು ನಂಬಿತ್ತು, ಅದು ಮತ್ತೂ ಹಿಂದಿನದನ್ನು. ಎಲ್ಲಕ್ಕೂ ಹಳೆಯದು ಇದೇ ಕಾಲೇಜಿನ ವಿದ್ಯಾರ್ಥಿಯೊಬ್ಬನ ವರದಿಯತ್ತ ಬೆರಳು ಮಾಡಿತ್ತು, ಹೆಸರು ಕೊಟ್ಟಿರಲಿಲ್ಲ. ಜೇಬಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಒಳಗೆ ಹೋದ ಗ್ರಂಥಪಾಲಕಿ ಧೂಳು ಹಿಡಿದ ಸಂಪುಟವೊಂದನ್ನು ತಂದರು, ತೆರೆದರು, ಅವನತ್ತ ಸರಿಸಿದರು.

ಮೊದಲ ಪುಟದಲ್ಲಿ ಅವನದೇ ಹೆಸರಿತ್ತು.

ಈಗ ನೆನಪಾಯಿತು. ಕಂಬ ನೋಡಲು ಹೋದ ದಿನ ನದಿ ತುಂಬಿ ಹರಿಯುತ್ತಿತ್ತು, ಕೆಳಗಿಳಿಯಲು ಆಗಿರಲಿಲ್ಲ. ಸೇತುವೆ ಕಾಯುವವನು, "ಬಂಡೆ ಇರ್ಲೇಬೇಕು ಬಿಡಪ್ಪ, ಇಲ್ದಿದ್ರೆ ಇಷ್ಟು ವರ್ಷ ನಿಲ್ತಿತ್ತಾ?" ಅಂದಿದ್ದ. ಅಷ್ಟು ಸಾಕೆಂದು ಇವನು 'ಬಂಡೆ ಇದೆ' ಎಂದು ಬರೆದು ಸಿನಿಮಾಕ್ಕೆ ಓಡಿದ್ದ.

"ಅವತ್ತೇ ನೀವು ತಡೀಬಹುದಿತ್ತಲ್ಲ ಮೇಡಂ?"

"ಇದನ್ನ ಕೊಡೋಕೆ ಬಂದಾಗ ಯಾರಂದ್ರು ಅಂತ ಕೇಳ್ದೆ. 'ಎಲ್ರಿಗೂ ಗೊತ್ತಿರೋದೇ' ಅಂತ ನೀನು ಮುಖ ಗಂಟು ಹಾಕ್ಕೊಂಡು ಹೋದೆ. ನಾನೂ ಹಟ ಹಿಡೀದೆ ಕಪಾಟಿಗೆ ಸೇರಿಸಿಬಿಟ್ಟೆ. ಅದು ನನ್ನ ತಪ್ಪು."

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದ.

"ಸಹಿ ಆಯ್ತೇನಯ್ಯಾ?" ಮೇಲಧಿಕಾರಿಯ ಅಬ್ಬರ ಗ್ರಂಥಪಾಲಕಿಗೂ ಕೇಳಿಸಿತು. "ಗಾಡಿ ಸೇತುವೆ ಹತ್ರ ಬಂದಾಯ್ತು!"

"ನಿಲ್ಲಿಸಿ ಸಾರ್. ಕಂಬದ ಕೆಳಗೆ ಏನಿದೆ ಅಂತ ಯಾರೂ ನೋಡಿಲ್ಲ."

"ತಲೆ ಕೆಟ್ಟಿದ್ಯಾ? ನಾಲ್ಕು ವರದೀಲಿ ಬಂಡೆ ಇದೆ ಅಂತಿದೆ. ಅದೆಲ್ಲ ಸುಳ್ಳು ಅನ್ನೋಕೆ ನೀನ್ಯಾರು?"

ಅವನು ಗ್ರಂಥಪಾಲಕಿಯ ಮುಖ ನೋಡಿದ.

"ಇದೆ ಅಂತ ಮೊದಲು ಅಂದವನು ಸಾರ್."