ನದಿಗೆ ಬೆನ್ನು ಹಾಕಿದ ಚಿತ್ರಕಾರ

ಪ್ಯಾರಿಸ್ಸಿನ ಹೊರವಲಯದ ಆ ಪುಟ್ಟ ಊರಿನಲ್ಲಿ ಹಿಂದೆ ದೊಡ್ಡ ದೊಡ್ಡ ಚಿತ್ರಕಾರರು ಬಾಳಿಹೋಗಿದ್ದರು. ಈಗಲೂ ನದಿಯ ದಡದಲ್ಲಿ ಯಾರಾದರೊಬ್ಬರು ಕುಂಚ ಹಿಡಿದು ಕೂತೇ ಇರುತ್ತಿದ್ದರು. ಆದರೆ ಈ ಮುದುಕ ಮಾತ್ರ ನದಿಗೆ ಬೆನ್ನು ಹಾಕಿ, ಒಂದು ವಾರದಿಂದ ಸೊಲಾಂಜಳ ಮನೆಯನ್ನೇ ನೋಡುತ್ತ ಕೂತಿದ್ದ. ಸುಣ್ಣ ಉದುರಿದ ಆ ಮನೆಯಲ್ಲಿ ಬಿಡಿಸುವಂಥದ್ದು ಏನಿದೆ?

"ಅವನು ಕಳ್ಳನೇ," ಎಂದ ಗಂಡ ರೆಮಿ. ಕಾರ್ಖಾನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡವನು ಎರಡು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. "ನೀನು ಕೆಲಸಕ್ಕೆ ಹೋಗೋ ಹೊತ್ತು ನೋಡ್ಕೊಳ್ತಿದಾನೆ. ಮೊದ್ಲು ಅವನನ್ನ ಅಲ್ಲಿಂದ ಎಬ್ಬಿಸು."

ಅವಳಿಗೂ ಅದೇ ಅನುಮಾನವಿತ್ತು. ಮಲಗಿದಲ್ಲೇ ಇರುವ ಗಂಡನಿಗೆ ಯಾರಾದರೂ ಏನಾದರೂ ಮಾಡಿದರೆ? ಅವನಿಗೆ ಸೂಪು ಕುಡಿಸಿ, ಬಾಯಿ ಒರೆಸಿ, ನೇರವಾಗಿ ಬೀದಿ ದಾಟಿದಳು.

"ನಮ್ಮನೇನ ಯಾಕೆ ಹೀಗೆ ನೋಡ್ತಿದೀರಿ? ಪೊಲೀಸರನ್ನ ಕರೀಲಾ?"

ಮುದುಕ ಗಾಬರಿಗೊಳ್ಳಲಿಲ್ಲ. "ಚಿತ್ರ ಮುಗೀತು ಮದಾಂ, ನೀವೇ ನೋಡಿ," ಎಂದು ಅದನ್ನು ಅವಳತ್ತ ತಿರುಗಿಸಿದ.

ಅವಳದೇ ಮನೆ, ಅವಳದೇ ಅಂಗಳ. ಗುಲಾಬಿ ಗಿಡದ ಪಕ್ಕದಲ್ಲಿ ಕತ್ತರಿ ಹಿಡಿದು ರೆಮಿ ನಿಂತಿದ್ದ. ಅವಳು ಚಿತ್ರದಲ್ಲಿದ್ದ ಅವನತ್ತ ಬೆರಳು ತೋರಿಸಿದಳು.

"ನನ್ನ ಗಂಡ ಎದ್ದು ನಿಂತು ಎರಡು ವರ್ಷ ಆಯ್ತು. ಇಲ್ಲದ್ದನ್ನ ಯಾಕೆ ಬಿಡಿಸಿದ್ರಿ?"

"ಕಂಡದ್ದನ್ನೇ ಬಿಡಿಸೋದು ನಾನು. ದಿನಾ ನೀವು ಕೆಲಸಕ್ಕೆ ಹೊರಟು ಆ ತಿರುವು ದಾಟೋವರೆಗೂ ಅವರು ಕಿಟಕಿ ಹತ್ರ ನಿಂತು ಕಾಯ್ತಾರೆ, ಆಮೇಲೆ ಶಿಳ್ಳೆ ಹಾಕ್ತಾ ಅಂಗಳಕ್ಕೆ ಇಳೀತಾರೆ."