ತಡವಾಗಿ ಹಾರಿದ ಇಲಿ

ಚಿಕ್ಕಮ್ಮನ ಇಲಿ ಮತ್ತೆ ಹಳ್ಳಕ್ಕೆ ಬಿತ್ತು. ಟೀವಿ ಪೀಂ ಎಂದು ಅಳುವ ದನಿ ತೆಗೆಯಿತು. ಹಿಂದೆ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ ಚೂಟಿಗೆ ನಕ್ಕೂ ನಕ್ಕೂ ಉಸಿರೇ ತಿರುಗಲಿಲ್ಲ.

"ಮೊದಲನೇ ಹಳ್ಳಾನೇ ದಾಟ್ತಿಲ್ವಲ್ಲ ಚಿಕ್ಕಮ್ಮ! ಸ್ಕೂಲಿಗೆ ಚಕ್ಕರ್ ಹೊಡೆದು ಗೇಮ್ ಅಂಗಡೀಲಿ ಕೂತಿರ್ತಿದ್ದೆ, ಈ ಇಲೀನ ಕಣ್ಣು ಮುಚ್ಕೊಂಡು ಆಡಿಸ್ತಿದ್ದೆ ಅಂತೆಲ್ಲ ಬಿಟ್ಟಿದ್ದೇ ಬಿಟ್ಟಿದ್ದು!"

"ಒತ್ತಿದೆ ಕಣೇ. ಅಂಚಿಗೆ ಬಂದ ತಕ್ಷಣ ಒತ್ತಿದೆ. ನಿನ್ನ ಡಬ್ಬೀನೇ ಸರಿ ಇಲ್ಲ."

ಡಬ್ಬಿ ಅಂದದ್ದು ಚೂಟಿಗೆ ಚುರುಕ್ಕೆಂದಿತು. ಅಂಗೈಯಗಲದ ಆ ಕಂಪ್ಯೂಟರಿನೊಳಗೆ ಹಳೇ ಗೇಮ್ ಯಂತ್ರದ ವೇಷ ಹಾಕುವ ಎಮ್ಯುಲೇಟರ್ ಕೂರಿಸಿ, ಮೆನುವಿನಲ್ಲಿ ಒಂದೊಂದು ಆಟಕ್ಕೂ ಹುಡುಕಿ ಹುಡುಕಿ ಚಿತ್ರ ಅಂಟಿಸಿ, ಕಾಲೇಜಿನ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದಳು. ಆದರೂ ದೂರು ಬಂದ ಮೇಲೆ ನೋಡದೆ ಇರೋಕಾಗುತ್ತಾ? ವೈರ್‌ಲೆಸ್ ಕಂಟ್ರೋಲರ್ ತೆಗೆದಿಟ್ಟು ವೈರಿನದ್ದು ಚುಚ್ಚಿದಳು. ಇಲಿ ಬಿತ್ತು. ಹಾರುವ ಬಟನ್ನನ್ನು ಬಲಗಡೆಯಿಂದ ಎಡಗಡೆಗೆ ಬದಲಾಯಿಸಿದಳು. ಬಿತ್ತು. ಕೊನೆಗೆ ತಾನೇ ಕಸಿದುಕೊಂಡು ಆಡಿದಳು. ಇಲಿ ಹಳ್ಳದ ಮೇಲೆ ಹಳ್ಳ ದಾಟಿ, ಬಾವುಟ ಹಿಡಿದು ಸೊಂಟ ಕುಣಿಸಿತು.

"ನೋಡು, ಡಬ್ಬಿ ಬೆಣ್ಣೆ ಹಾಗಿದೆ. ವಯಸ್ಸಾಯ್ತು ಬಿಡು ಚಿಕ್ಕಮ್ಮ, ಕೈ ಓಡ್ತಿಲ್ಲ ನಿಂಗೆ!"

ಚಿಕ್ಕಮ್ಮ ನಗಲಿಲ್ಲ. ತನ್ನ ಹೆಬ್ಬೆರಳನ್ನು ಬೇರೆ ಯಾರದೋ ಬೆರಳು ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇನ್ನೊಂದು ಸಲ ಆಡಿದಳು, ಬಿದ್ದಳು. ಕಂಟ್ರೋಲರ್ ಕೆಳಗಿಟ್ಟು ಫೋನ್ ತೆಗೆದಳು.

ಚಿಕ್ಕಮ್ಮ ಬಂದರಿನಲ್ಲಿ ಕ್ರೇನ್ ಓಡಿಸುವವಳು. ಹಡಗಿನಿಂದ ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳನ್ನೆತ್ತಿ ಲಾರಿಯ ಮೇಲೆ ಕೂರಿಸುವ ಕೆಲಸ. ಕೈಗೆ ಎರಡು ಹಿಡಿಕೆ, ಒಂದಿಷ್ಟು ಬಟನ್, ಅಷ್ಟೇ. ಬಂದರಿಗೆ ಹೊಸದಾಗಿ ಬಂದಿರುವ ಎತ್ತರದ ಕ್ರೇನನ್ನು ಸೋಮವಾರ ಅವಳೇ ಹತ್ತಬೇಕೆಂದು ಸೂಪರ್‌ವೈಸರ್ ಹಿಡಿದ ಪಟ್ಟು ಬಿಟ್ಟಿರಲಿಲ್ಲ. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಚೂಟಿ ಬಗ್ಗಿ ಫೋನಿಗೆ ಇಣುಕಿದಳು. 'ಸರ್, ಹೊಸ ಕ್ರೇನಿಗೆ ಬೇರೆಯವರನ್ನ ನೋಡಿ. ನನ್ನ ಕೈ ಮೊದಲಿನ ಹಾಗಿಲ್ಲ.' ಟೈಪಾಗಿತ್ತು, ಇನ್ನೂ ಹೋಗಿರಲಿಲ್ಲ.

"ಅಯ್ಯೋ, ತಮಾಷೆಗಂದೆ ಚಿಕ್ಕಮ್ಮ! ಅದು ಇಲಿ, ಕ್ರೇನ್ ಅಲ್ಲ!"

"ಇಲಿ ಬಿದ್ರೆ ಇನ್ನೊಂದು ಇಲಿ ಬರುತ್ತೆ ಕಣೇ. ಅಲ್ಲಿ ಕೆಳಗಡೆ ಮನುಷ್ಯರಿರ್ತಾರೆ." ಚಿಕ್ಕಮ್ಮ ಎದ್ದಳು. "ಟೀ ಇಟ್ಟು ಬರ್ತೀನಿ. ಕುಡಿದು ಕಳಿಸಿದ್ರಾಯ್ತು."

ಚೂಟಿ ತನ್ನ ಫೋನ್ ಎತ್ತಿಕೊಂಡಳು. ಫ್ಯಾಮಿಲಿ ಗ್ರೂಪಿಗೆ ಹಾಕಿ ಕಾಲೆಳೆಯೋಣವೆಂದು, ಚಿಕ್ಕಮ್ಮ ಬೀಳುವುದನ್ನು ಅವಳ ಭುಜದ ಹಿಂದಿನಿಂದ ಸ್ಲೋ ಮೋಷನ್‌ನಲ್ಲಿ ಹಿಡಿದಿದ್ದಳು. ಮೊದಲು ಅದನ್ನು ಅಳಿಸಿಬಿಡೋಣವೆಂದು ತೆರೆದವಳು ಅಲ್ಲೇ ನಿಂತಳು. ಇಲಿ ಹಳ್ಳದ ಅಂಚಿಗೆ ಬಂತು. ಸರಿಯಾಗಿ ಆಗಲೇ ಚಿಕ್ಕಮ್ಮನ ಹೆಬ್ಬೆರಳು ಬಟನ್ ಅದುಮಿತು. ಇಲಿ ಮಾತ್ರ ಕರೆದರೂ ಕೇಳಿಸದವರ ಹಾಗೆ ನಡೆಯುತ್ತಲೇ ಇತ್ತು. ನಡೆದು ನಡೆದು ಹಳ್ಳಕ್ಕೆ ಬಿತ್ತು.

ಚೂಟಿ ಟೀವಿಯ ರಿಮೋಟಿಗೆ ಹಾರಿದಳು. ಸಿನಿಮಾ ಚಂದ ಕಾಣಲಿ ಎಂದು ಚಿತ್ರ ತಿದ್ದುವ ಸೆಟ್ಟಿಂಗ್‌ಗಳನ್ನೆಲ್ಲ ಆನ್ ಮಾಡಿಟ್ಟವಳೂ ಅವಳೇ! ಟೀವಿ ಒಂದೊಂದು ಚಿತ್ರಕ್ಕೂ ಪೌಡರ್ ಬಳಿದು, ತಲೆ ಬಾಚಿ, ಆಮೇಲಷ್ಟೇ ಹೊರಗೆ ಬಿಡುತ್ತಿತ್ತು; ಅಷ್ಟರಲ್ಲಿ ಡಬ್ಬಿಯೊಳಗಿನ ಇಲಿ ಆಗಲೇ ಅಂಚು ದಾಟಿರುತ್ತಿತ್ತು. ಅಲಂಕಾರವನ್ನೆಲ್ಲ ಆಫ್ ಮಾಡಿ ಗೇಮ್ ಮೋಡ್ ಒತ್ತಿದಳು.

"ಚಿಕ್ಕಮ್ಮಾ, ನಿನ್ನ ಕೈಗೇನೂ ಆಗಿಲ್ಲ! ಟೀವಿ ಸೋಮಾರಿ!"

"ಸಮಾಧಾನ ಮಾಡೋಕೆ ಬರಬೇಡ," ಎನ್ನುತ್ತಲೇ ಎರಡು ಲೋಟ ಹಿಡಿದು ಬಂದ ಚಿಕ್ಕಮ್ಮನ ಮುಖದ ಮುಂದೆ ಚೂಟಿ ವಿಡಿಯೋ ಹಿಡಿದಳು. ಚಿಕ್ಕಮ್ಮ ನೋಡಿದಳು. ಲೋಟ ಕೆಳಗಿಟ್ಟು, ಬೆರಳಲ್ಲಿ ಹಿಂದಕ್ಕೆ ಸರಿಸಿ ಮತ್ತೆ ನೋಡಿದಳು.

"ತಡಿ, ರಿಪೇರಿ ಆಯ್ತಾ ಅಂತ ನಾನು ನೋಡ್ತೀನಿ," ಎಂದು ಚೂಟಿ ಠೀವಿಯಿಂದ ಕೂತಳು. ಇಲಿ ಓಡಿತು, ಹಾರಿತು, ನೇರ ಹಳ್ಳದ ನಡುವೆ ಬಿತ್ತು. ಮತ್ತೆ ಆಡಿದಳು. ಮತ್ತೆ ಬಿತ್ತು.

"ಅಂಚು ಬರೋ ಮೊದಲೇ ಹಾರಿಸ್ತೀಯಲ್ಲೇ! ಸೋಮಾರಿ ಟೀವಿ ಸಹವಾಸ ಮಾಡಿ ನಿನ್ನ ಬೆರಳು ಕೆಟ್ಟಿದೆ. ಕೊಡಿಲ್ಲಿ."

ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ಇಲಿ ಅಂಚಿಗೆ ಬಂತು, ಹೆಬ್ಬೆರಳು ಕೆಳಗಿಳಿಯಿತು, ಇಲಿ ಮೇಲೇರಿತು. ಒಂದು ಹಳ್ಳ, ಇನ್ನೊಂದು, ಮುಳ್ಳಿನ ಗಾಲಿ, ಕುಸಿಯುವ ಸೇತುವೆ. ಸೇತುವೆಯ ಮೇಲೆ ನಿಜವಾಗಲೂ ಕಣ್ಣು ಮುಚ್ಚಿದ್ದಳು. ಬಾವುಟ ಹಿಡಿದು ಇಲಿ ಕುಣಿಯುವಷ್ಟರಲ್ಲಿ ಫೋನ್ ಎತ್ತಿ, ಬರೆದದ್ದನ್ನು ಅಳಿಸಿ, 'ಸೋಮವಾರ ನಾನೇ ಹತ್ತುತ್ತೇನೆ ಸರ್' ಎಂದು ಕಳಿಸಿಯೇ ಬಿಟ್ಟಳು.

"ನಂಗೊಂದು ಚಾನ್ಸ್ ಕೊಡು ಚಿಕ್ಕಮ್ಮ, ಈ ಸಲ ದಾಟಿಸ್ತೀನಿ," ಎಂದು ಚೂಟಿ ಕಂಟ್ರೋಲರ್ ಇಸಿದುಕೊಂಡಳು. ಮೊದಲನೇ ಹಳ್ಳದಲ್ಲೇ ಟೀವಿ ಪೀಂ ಎಂದಿತು.

ಚಿಕ್ಕಮ್ಮ ಟೀಯನ್ನು ಸೊರ್ರನೆ ಹೀರಿದಳು.

"ಬಿಡೇ, ವಯಸ್ಸಾಯ್ತು ನಿಂಗೆ."